1858ರ ಕಡತ ಸುರಪುರಕ್ಕೆ ಬರಲಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಯಾದಗಿರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಸುರಪುರದ ನಿವೃತ್ತ ಶಿಕ್ಷಕನ ಗೌರವಪೂರ್ವಕ ನಮಸ್ಕಾರಗಳು.

1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಸುರಪುರ ಸಂಸ್ಥಾನದ ಅರಸ ರಾಜಾ ವೆಂಕಟಪ್ಪ ನಾಯಕರ ಮೇಲೆ ಬ್ರಿಟಿಷ್ ಸರ್ಕಾರ ನಡೆಸಿದ ವಿಚಾರಣೆಯ ಕಾಗದಪತ್ರಗಳ ಪ್ರತಿಗಳನ್ನು ತರಿಸಿ, ಕನ್ನಡಕ್ಕೆ ಅನುವಾದಿಸಿ, ನಮ್ಮೂರಿನ ಗ್ರಂಥಾಲಯದಲ್ಲಿ ಇಡಿಸಬೇಕೆಂದು ಮೂರು ವರ್ಷಗಳಲ್ಲಿ ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಮೊದಲ ಮೂರಕ್ಕೆ ಉತ್ತರವೇ ಬರಲಿಲ್ಲ. ಅವುಗಳ ಗತಿ ಏನಾಯಿತೆಂದು ಮಾಹಿತಿ ಹಕ್ಕಿನಡಿ ಕೇಳಿದ್ದಕ್ಕೂ ಉತ್ತರವಿಲ್ಲ. 30 ದಿನಗಳ ಗಡುವನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ.

ನಾಲ್ಕನೆಯ ಅರ್ಜಿಯನ್ನು ಕಳೆದ ಶ್ರಾವಣದಲ್ಲಿ ನಾನೇ ಒಯ್ದೆ. ಮೊಣಕಾಲು ನೋವಿನಲ್ಲಿ ಎರಡು ಬಸ್ಸು ಬದಲಿಸಿ, ಮಹಡಿ ಹತ್ತಿ, ಟಪಾಲು ಮೇಜಿನ ಮುಂದೆ ಹನ್ನೊಂದರಿಂದ ಮೂರು ಗಂಟೆಯವರೆಗೆ ನಿಂತೆ. ಕಚೇರಿಯ ಹೆಸರು ಬೇಡ. ಗುಮಾಸ್ತರು ‘ರಾಜದ್ರೋಹ’, ‘ಸಶಸ್ತ್ರ ಬಂಡಾಯ’ ಎಂಬ ಪದಗಳ ಕೆಳಗೆ ಕೆಂಪು ಗೆರೆ ಎಳೆದು, "ಮಾಸ್ತರ್ರೇ, ಇದಕ್ಕ ಠಾಣೆಯಿಂದ ಎನ್‌ಒಸಿ ತರ್ರಿ" ಎಂದರು. ಆರೋಪಿ ತೀರಿಕೊಂಡು ನೂರಾ ಅರವತ್ತು ವರ್ಷ ದಾಟಿವೆ ಎಂದೆ. "ಹಂಗಾದ್ರ ಮರಣ ಪ್ರಮಾಣಪತ್ರ ಹಚ್ಚಿ ಕೊಡ್ರಿ" ಎಂದರು. ಅವರು ತಮಾಷೆಗೆ ಹೇಳಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮಾನ್ಯರೇ, ಇನ್ನೂ ತೀರ್ಮಾನವಾಗದೆ ಉಳಿದಿರುವುದು ಆ ಮರಣವೇ. 1858ರ ಫೆಬ್ರವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಸುರಪುರದ ಮೇಲೆ ಬಿದ್ದಾಗ ಕ್ಯಾಪ್ಟನ್ ನ್ಯೂಬರಿ ಕಾಳಗದಲ್ಲಿ ಸತ್ತ. ಹೈದರಾಬಾದಿಗೆ ಹೋದ ಅರಸರು ಅಲ್ಲಿ ಸೆರೆಸಿಕ್ಕರು. ಮೊದಲು ವಿಧಿಸಿದ ಮರಣದಂಡನೆ ಜೀವಾವಧಿ ಗಡೀಪಾರಿಗೆ ಇಳಿದು, ಗವರ್ನರ್ ಜನರಲ್‌ವರೆಗೆ ಹೋಗುವಷ್ಟರಲ್ಲಿ ಬರೀ ನಾಲ್ಕು ವರ್ಷದ ಸೆರೆವಾಸವಾಯಿತು. ಅದಕ್ಕೆ ಕೆಲವೇ ತಿಂಗಳ ಮೊದಲು ಬಂಡೆದ್ದ ಹಲಗಲಿಯ ಬೇಡರನ್ನು ನೇಣಿಗೇರಿಸಿದ್ದ ಆಳ್ವಿಕೆ ಇಲ್ಲೇಕೆ ಇಷ್ಟು ಮೆತ್ತಗಾಯಿತು? ರಾಜದ್ರೋಹದ 124ಎ ಕಲಮು ದಂಡಸಂಹಿತೆಗೆ ಸೇರಿದ್ದೇ 1870ರಲ್ಲಿ; ಹಾಗಾದರೆ ಅರಸರನ್ನು ಯಾವ ಕಾನೂನಿನಡಿ ವಿಚಾರಿಸಿದರು? ಸೆರೆಗೆ ಒಯ್ಯುವ ದಾರಿಯಲ್ಲೇ ಪಿಸ್ತೂಲಿನ ಗುಂಡು ತಗುಲಿ ಅವರು ತೀರಿಕೊಂಡರು. ತಾವೇ ಹಾರಿಸಿಕೊಂಡರೆಂಬುದು ಇಂಗ್ಲಿಷ್ ಅಧಿಕಾರಿಗಳ ಮಾತು. ಅದನ್ನು ಒಪ್ಪದವರು ನಮ್ಮ ಓಣಿಗಳಲ್ಲಿ ಇಂದಿಗೂ ಇದ್ದಾರೆ. ನಾನು ಯಾರ ಕಡೆಗೂ ವಾದಿಸುತ್ತಿಲ್ಲ, ಕಾಗದ ಓದದೆ ವಾದಿಸುವುದಾದರೂ ಹೇಗೆ? 1860ರಲ್ಲಿ ಸಂಸ್ಥಾನವನ್ನು ನಿಜಾಮರಿಗೆ ನಿಷ್ಠೆಯ ಬಹುಮಾನವಾಗಿ ಕೊಟ್ಟು ಕೈತೊಳೆದುಕೊಂಡರು. ವೆಂಕಟಪ್ಪ ನಾಯಕರು ಬಾಲಕರಾಗಿದ್ದಾಗ ಅವರ ಪರವಾಗಿ ಆಡಳಿತ ನಡೆಸಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಬಂಗಲೆ ಗುಡ್ಡದ ಮೇಲೆ ಗಟ್ಟಿಯಾಗಿ ನಿಂತಿದೆ. ಅದೇ ಅರಸರ ವಿಚಾರಣೆಯ ಒಂದು ಹಾಳೆಯನ್ನು ಊರಿನ ಗ್ರಂಥಾಲಯದಲ್ಲಿ ಕೇಳಿ ನೋಡಿರಿ.

ಹೈದರಾಬಾದ್ ರೆಸಿಡೆನ್ಸಿಯ, ಅಂದರೆ ನಿಜಾಮರ ದರ್ಬಾರಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿಯ, ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನಾನು ಮೂಲವನ್ನು ಬೇಡುತ್ತಿಲ್ಲ, ಪ್ರತಿಗಳನ್ನು ತರಿಸಿರಿ ಎನ್ನುತ್ತಿದ್ದೇನೆ. ತಮ್ಮ ಒಂದು ಪತ್ರ ಸಾಕು. ಪ್ರತಿಗಳನ್ನು ತರಿಸಿರಿ, ಕನ್ನಡ ಮಾಡಿಸಿರಿ, ಸುರಪುರದಲ್ಲಿ ಇಡಿಸಿರಿ. ಅರಸರು ತೀರಿಕೊಂಡ ಬಗೆಗಿನ ವರದಿಯೂ ಅದರಲ್ಲಿ ಸಿಕ್ಕರೆ, ಅದನ್ನು ಗುಮಾಸ್ತರಿಗೆ ನಾನೇ ಒಯ್ದು ಅರ್ಜಿಗೆ ಹಚ್ಚಿಕೊಡುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಸುರಪುರ