ಬಂಡೀಪುರದ ರಸ್ತೆಯಲ್ಲಿ ನಾಯಿ ಇಳಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ದಸರಾ ರಜೆಯಲ್ಲಿ ನಾನೂ ನಮ್ಮ ಯಜಮಾನರೂ ನಾಯಿ ಚಿಕ್ಕಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂಡೀಪುರ, ಮುದುಮಲೆ ದಾಟಿ ಊಟಿಗೆ ಹೋದೆವು. ಬರುವಾಗ ಕೋತಗಿರಿ ಇಳಿದು, ಸತ್ಯಮಂಗಲದಿಂದ ದಿಂಬಂ ಘಾಟಿ ಹತ್ತಿ, ಚಾಮರಾಜನಗರದ ಮೇಲೆ ಮೈಸೂರು ಸೇರಿದೆವು. ಮನೆಮಗುವಿನಂತೆ ಸಾಕಿದ ನಾಯಿಯನ್ನು ಬಿಟ್ಟು ಊರೂರು ಸುತ್ತಲು ಮನಸ್ಸು ಬಾರದವರಲ್ಲಿ ನಾನೂ ಒಬ್ಬಳು. ಅಂಥವರಿಗೇ ಈ ಪತ್ರ.

ಕಾಡಿನೊಳಗೆ ಗಾಡಿ ನಿಲ್ಲಿಸಬಾರದೆಂದು ದಾರಿಯುದ್ದಕ್ಕೂ ಫಲಕಗಳಿವೆ. ಆದರೂ ತಮಿಳುನಾಡು ಶುರುವಾಗುವ ಕೆಕ್ಕನಹಳ್ಳದ ಗಡಿಗೆ ಸ್ವಲ್ಪ ಮೊದಲು ಕಾರೊಂದು ಬದಿಗೆ ನಿಂತಿತ್ತು. ಅದರಲ್ಲಿದ್ದವರ ಲ್ಯಾಬ್ರಡಾರ್ ನಾಯಿ ಹಗ್ಗವಿಲ್ಲದೆ ಲಂಟಾನ ಪೊದೆಯ ಬುಡದಲ್ಲಿ ಕಕ್ಕಸಿಗೆ ಕೂತಿತ್ತು. ಚಿರತೆ ಹೊತ್ತೊಯ್ದೀತೆಂದು ನಮ್ಮವರು ಕೂಗಿ ಹೇಳಿದರು. ಚಿರತೆಗೆ ನಾಯಿ ಸುಲಭದ ಬೇಟೆ, ನಿಜ. ನನಗೆ ಹೆಚ್ಚು ಭಯವಾಗಿದ್ದು ಆ ನಾಯಿ ಅಲ್ಲಿ ಬಿಟ್ಟುಹೋಗುವ ಮಲ, ಅದರ ಜೊತೆಗಿನ ರೋಗಾಣುಗಳ ಬಗ್ಗೆ.

ನಾಯಿಗಳಿಗೆ ವಾಂತಿಭೇದಿ ತರುವ ಪಾರ್ವೊ ವೈರಸ್ ನಾಯಿಯ ಮಲದೊಂದಿಗೆ ಮಣ್ಣಿಗೆ ಬಿದ್ದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಡಿಸ್ಟೆಂಪರ್ ಎಂಬ ಇನ್ನೊಂದು ವೈರಸ್ ಕಾಯಿಲೆ ತಗುಲಿದ ನಾಯಿ ಕಾಯಿಲೆಯ ಲಕ್ಷಣ ಕಾಣುವ ಮೊದಲೇ ರೋಗ ಹಂಚಬಲ್ಲದು. ಬಂಡೀಪುರದ ಸೀಳುನಾಯಿಗಳು ಗುಂಪುಗುಂಪಾಗಿ ಬಾಳುವ ಪ್ರಾಣಿಗಳು. ಒಂದಕ್ಕೆ ತಗುಲಿದರೆ ಗುಂಪೇ ಹೋದೀತು. ಡಿಸ್ಟೆಂಪರ್ ಹುಲಿ, ಸಿಂಹಗಳನ್ನೂ ಬಿಡುವುದಿಲ್ಲ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಸಿಂಹಗಳು ಈ ರೋಗಕ್ಕೆ ಬಲಿಯಾದವು. 2018ರಲ್ಲಿ ನಮ್ಮ ಗಿರ್ ಕಾಡಿನಲ್ಲಿ ಸಾಲಾಗಿ ಸತ್ತ ಸಿಂಹಗಳಲ್ಲೂ ಇದೇ ವೈರಸ್ ಸಿಕ್ಕಿತು. ಇಷ್ಟಾದ ಮೇಲೂ ಕಾಡಂಚಿನಲ್ಲಿ ನಾಯಿಗೂ ಸ್ವಾಗತ ಎಂದು ಜಾಹೀರಾತು ಕೊಡುವ ರೆಸಾರ್ಟುಗಳು ಲಸಿಕೆಯ ಮಾತೇ ಎತ್ತುವುದಿಲ್ಲವೆಂದರೆ ಸಂಕಟವಾಗುತ್ತದೆ. ರೇಬೀಸ್ ಚುಚ್ಚುಮದ್ದು ಹಾಕಿಸಿದರೆ ಸಾಕು ಎಂದುಕೊಂಡವರೂ ಬಹಳ. ಡಿಸ್ಟೆಂಪರ್, ಪಾರ್ವೊಗಳಿಗೆ ಬೇರೆಯೇ ಸಂಯುಕ್ತ ಲಸಿಕೆ ಇದೆ, ಅದನ್ನೂ ಹಾಕಿಸಬೇಕು.

ಅಮೆರಿಕದಲ್ಲಿರುವ ಮಗಳು ತನ್ನ ನಾಯಿಯೊಂದಿಗೆ ಅಲ್ಲಿಯ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತಿದವಳು. ಯೆಲ್ಲೊಸ್ಟೋನ್‌ನಲ್ಲಿ ನಾಯಿಯ ಹಗ್ಗ ಆರು ಅಡಿ ಮೀರುವಂತಿಲ್ಲ, ರಸ್ತೆಯಿಂದ ನೂರು ಅಡಿಗಿಂತ ಆಚೆ ಒಯ್ಯುವಂತಿಲ್ಲ, ಕಾಲುದಾರಿಗಳಲ್ಲಂತೂ ಪ್ರವೇಶವೇ ಇಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲಿ ನಾಯಿಗಳನ್ನು ಬಿಟ್ಟುಹೋಗಲು ಕೆನಲ್ ಇದೆ; ಲಸಿಕೆ ಚೀಟಿ ತೋರಿಸಿದರಷ್ಟೇ ಸೇರಿಸಿಕೊಳ್ಳುತ್ತಾರೆ. ನಮ್ಮದು ಆನೆ, ಹುಲಿ ಓಡಾಡುವ ಕಾಡು, ಆರು ಅಡಿ ಹಗ್ಗ ಕಟ್ಟಿಯೂ ಇಲ್ಲಿ ನಾಯಿಯನ್ನು ಇಳಿಸುವುದು ಬೇಡ. ಆದರೆ ಆ ಕೆನಲ್‌ನಂಥದೊಂದು ಗುಂಡ್ಲುಪೇಟೆಯಲ್ಲಿ ಖಂಡಿತ ಬೇಕು. ಸಫಾರಿಗೆ ಹೋಗುವವರು ನಾಯಿಯನ್ನು ಬಿಸಿಲಲ್ಲಿ ಕಾರಿನೊಳಗೆ ಕೂಡಿಹಾಕುವುದೂ ತಪ್ಪುತ್ತದೆ. ಪುರಸಭೆ ಜಾಗ ಕೊಟ್ಟು, ಪಶುವೈದ್ಯರ ಉಸ್ತುವಾರಿಯಲ್ಲಿ ನಡೆಸಿದರೆ ದುಡ್ಡು ಕೊಟ್ಟು ಬಿಡಲು ನಮ್ಮಂಥವರು ಸಿದ್ಧ.

ಹಾದುಹೋಗುವವರಿಗೆ ಅದೂ ಬೇಕಿಲ್ಲ. ನಾವು ಚಿಕ್ಕಿಯನ್ನು ಕಾಡಿಗೆ ಮೊದಲೇ ಸಿಗುವ ಹಂಗಳದಲ್ಲಿ ಇಳಿಸಿ, ನೀರು ಕುಡಿಸಿ ಹೊರಟರೆ ಮತ್ತೆ ಇಳಿಸಿದ್ದು ಕಾಡು ದಾಟಿ ಗೂಡಲೂರಿನಲ್ಲಿ. ಬೆಳೆದ ನಾಯಿ ಅಷ್ಟು ಹೊತ್ತು ಆರಾಮಾಗಿ ತಡೆದುಕೊಳ್ಳುತ್ತದೆ.

ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ಹೆದ್ದಾರಿಯಲ್ಲಿ ಸಂಚಾರ ತಡೆಯುವ ಅರಣ್ಯ ಇಲಾಖೆಗೆ ಹಗಲಲ್ಲಿ ನಾಯಿ ಇರುವ ಕಾರನ್ನು ಒಂದು ನಿಮಿಷ ನಿಲ್ಲಿಸಿ ಲಸಿಕೆ ಚೀಟಿ ಕೇಳುವುದು ಕಷ್ಟವಲ್ಲ. ಮೇಲುಕಾಮನಹಳ್ಳಿ ಹಾಗೂ ಕೇರಳ ರಸ್ತೆಯ ಮದ್ದೂರು ಚೆಕ್‌ಪೋಸ್ಟ್‌ಗಳಿಂದಲೇ ಇದು ಶುರುವಾಗಲಿ. ಕಾಡಂಚಿನ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕೆಂದು ವನ್ಯಜೀವಿ ಕಾಯ್ದೆಯಲ್ಲೇ ಇದೆ; ಹಂಗಳ, ಮಂಗಲದಂಥ ಊರುಗಳ ನಾಯಿಗಳಿಗೂ ಅದೇ ಹೊತ್ತಿನಲ್ಲಿ ಉಚಿತವಾಗಿ ಹಾಕಿಸಲಿ. ಅಲ್ಲಿಯ ರೈತರ ನಾಯಿಗಳು ದಿನವೂ ಕಾಡಂಚಿನಲ್ಲೇ ಓಡಾಡುತ್ತವೆ. ಪಶುಸಂಗೋಪನಾ ಇಲಾಖೆ ಮುಂದಿನ ಬೇಸಿಗೆ ರಜೆಯ ದಟ್ಟಣೆಗೆ ಮೊದಲೇ ಈ ಕೆಲಸ ಕೈಗೆತ್ತಿಕೊಳ್ಳಬೇಕೆಂದು ವಿನಂತಿ.

– ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು