ಗ್ರೀನ್‌ಸ್ಟೆಡ್‌ನ ಮರದ ಚರ್ಚಿಗೆ ನಿಮ್ಮದೂ ಒಂದು ಕಾಣಿಕೆ ಇರಲಿ

ಲಂಡನ್ ಮತ್ತು ಎಸೆಕ್ಸ್ ಕಡೆಯ ಕನ್ನಡ ಬಂಧುಗಳಿಗೆ ನಮಸ್ಕಾರ.

ಓಂಗರ್ ಪೇಟೆಯಿಂದ ಹೊಲದ ದಾರಿಯಲ್ಲಿ ಒಂದು ಮೈಲಿಯಷ್ಟು ನಡೆದರೆ ಗ್ರೀನ್‌ಸ್ಟೆಡ್. ಊರು ಅನ್ನೋದಕ್ಕೆ ಬೆರಳೆಣಿಕೆಯ ಮನೆಗಳು. ಅಲ್ಲಿರುವ ಸಂತ ಆಂಡ್ರ್ಯೂ ಚರ್ಚಿನ ಗೋಡೆ ಕಲ್ಲಿನದಲ್ಲ, ಮರದ್ದು. ಯುರೋಪಿನಲ್ಲಿ ಇನ್ನೂ ನಿಂತಿರುವ ಮರದ ಚರ್ಚುಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು ಎನ್ನುತ್ತಾರೆ.

ಓಕ್ ದಿಮ್ಮಿಗಳನ್ನು ಉದ್ದಕ್ಕೆ ಸೀಳಿ ಒತ್ತೊತ್ತಾಗಿ ನಿಲ್ಲಿಸಿದ್ದಾರೆ. ಒಟ್ಟು 51. ಹೊರಮೈ ಮರದ ದುಂಡಿನಂತೆಯೇ ಇದೆ, ಒಳಮೈ ಚಪ್ಪಟೆ. ಸಂದಿಯಲ್ಲಿ ಗಾಳಿ ನುಗ್ಗದ ಹಾಗೆ ಎರಡೂ ಅಂಚು ತೋಡಿ ತೆಳ್ಳನೆಯ ಓಕ್ ಪಟ್ಟಿ ಕೂರಿಸಿದ್ದಾರೆ. ಒಳಗೆ ನಿಂತು ಓರೆಯಾಗಿ ನೋಡಿ, ಬಾಚಿಯ ಏಟಿನ ಗುರುತು ಇವತ್ತಿಗೂ ಕಾಣುತ್ತದೆ. ನಮ್ಮ ಮನೆಯ ಹಿರಿಯರೊಬ್ಬರು, ಮಲೆನಾಡಿನವರು, ಅದನ್ನು ನೋಡಿ ‘ನಮ್ಮ ಆಚಾರಿ ಕೆಲಸದ ಹಾಗೇ ಇದೆಯಲ್ಲ’ ಅಂದರು.

ಮೊದಲು ಇದು 845ರದ್ದು ಎಂದು ನಂಬಿದ್ದರು. 1990ರ ದಶಕದಲ್ಲಿ ಮರದೊಳಗಿನ ಉಂಗುರ ಎಣಿಸಿದಾಗ 11ನೇ ಶತಮಾನದ ಕೊನೆಯ ಹೊತ್ತಿನದು ಎಂದಾಯಿತು. ಇನ್ನೂರು ವರ್ಷ ಕಡಿಮೆಯಾಯಿತು, ಆಗಲಿ ಬಿಡಿ. ನಮ್ಮಲ್ಲಿ ಕಲ್ಯಾಣದ ಚಾಲುಕ್ಯರು ಆಳುತ್ತಿದ್ದ ಕಾಲ ಅದು, ಸಾಲದೇ? ಇಟ್ಟಿಗೆಯ ಗರ್ಭಗುಡಿ ಭಾಗ ಬಂದದ್ದು ಆಮೇಲೆ, 1500ರ ಆಸುಪಾಸಿನಲ್ಲಿ.

ಕೂಲಿ ಸಂಘ ಕಟ್ಟಿದರೆಂದು 1834ರಲ್ಲಿ ಆಸ್ಟ್ರೇಲಿಯಾಕ್ಕೆ ಗಡಿಪಾರಾದ, ಇಂಗ್ಲೆಂಡಿನ ಟಾಲ್‌ಪಡಲ್ ಹಳ್ಳಿಯ ಆರು ಮಂದಿ ರೈತ ಕೂಲಿಗಳ ಕಥೆ ಕೆಲವರಿಗೆ ಗೊತ್ತಿರಬಹುದು. ಮಾಫಿ ಸಿಕ್ಕಿ ವಾಪಸಾದ ಮೇಲೆ ಅವರಲ್ಲಿ ಕೆಲವರು ಇದೇ ಊರ ಕಡೆ ಗೇಣಿಗೆ ಜಮೀನು ಹಿಡಿದರು. ಅವರಲ್ಲೊಬ್ಬರಾದ ಜೇಮ್ಸ್ ಬ್ರೈನ್ ಮದುವೆ 1839ರಲ್ಲಿ ಇದೇ ಚರ್ಚಿನಲ್ಲಿ ನಡೆಯಿತು. ಹುಡುಗಿ ಎಲಿಜಬೆತ್, ಜೊತೆಗೆ ಗಡಿಪಾರಾಗಿದ್ದ ಥಾಮಸ್ ಸ್ಟ್ಯಾಂಡ್‌ಫೀಲ್ಡ್ ಮಗಳು.

ಮರಕ್ಕೆ ಶತ್ರು ತೇವ. ದಿಮ್ಮಿಗಳ ಬುಡ ಕೊಳೆತು ಹೋಗಿತ್ತು. 1848ರ ರಿಪೇರಿಯಲ್ಲಿ ಕೊಳೆತಷ್ಟನ್ನು ಕತ್ತರಿಸಿ, ಕೆಳಗೆ ಇಟ್ಟಿಗೆಯ ಕಟ್ಟೆ ಕಟ್ಟಿ, ಅದರ ಮೇಲೆ ನಿಲ್ಲಿಸಿದರು. ಇವತ್ತು ಗೋಡೆಯ ಬುಡದಲ್ಲಿ ಕಾಣುವ ಇಟ್ಟಿಗೆ ಅದೇ. ಈಗಲೂ ಸೂರಿನ ನೀರು ಗೋಡೆಗೆ ಬೀಳಬಾರದು, ಹೆಂಚು ಸರಿಯಬಾರದು, ಹುಳ ಹಿಡಿಯಬಾರದು. ಇದು ಒಂದು ಸಲದ ಕೆಲಸವಲ್ಲ, ವರ್ಷ ವರ್ಷವೂ ಇರುವ ಖರ್ಚು.

ಇಲ್ಲಿ ಹಳ್ಳಿ ಚರ್ಚಿನ ರಿಪೇರಿ ಖರ್ಚಿನ ಹೊರೆ ಬೀಳುವುದು ಆಯಾ ಊರಿನ ಭಕ್ತರ ಮೇಲೆ. ಸರ್ಕಾರವೇ ನೋಡಿಕೊಳ್ಳುತ್ತದೆ ಅಂತ ನಾವೂ ಸುಮ್ನೆ ಅಂದುಕೊಂಡಿದ್ದೆವು. ಚಿಕ್ಕ ಊರು, ದೊಡ್ಡ ಹೊಣೆ. ಅದಕ್ಕೇ ಈ ಸಲ ನಾವು ಕೆಲವು ಮನೆಯವರು ಸೇರಿ ಕಾಣಿಕೆ ಕೂಡಿಸುತ್ತಿದ್ದೇವೆ. ಐದು ಪೌಂಡ್ ಕೊಟ್ಟರೂ ಸಂತೋಷ.

ಇಲ್ಲಿ ಆದಾಯ ತೆರಿಗೆ ಕಟ್ಟುವವರು ದಯವಿಟ್ಟು ಗಿಫ್ಟ್ ಏಡ್ ಫಾರಂ ತುಂಬಿ. ಕಾಣಿಕೆಯ ಮೇಲೆ ನೀವು ಕಟ್ಟಿದ ತೆರಿಗೆಯನ್ನು ಸರ್ಕಾರ ಚರ್ಚಿಗೇ ಕೊಡುವ ಏರ್ಪಾಡು ಇದು. ಆಗ ನೀವು ಕೊಟ್ಟ 20 ಪೌಂಡ್ ಚರ್ಚಿಗೆ 25 ಆಗುತ್ತದೆ, ನಿಮ್ಮ ಜೇಬಿನಿಂದ ಜಾಸ್ತಿ ಏನೂ ಹೋಗುವುದಿಲ್ಲ. ಆದರೆ ಫಾರಂ ಇದ್ದರೆ ದುಡ್ಡನ್ನು ನೀವೇ ನೇರವಾಗಿ ಚರ್ಚಿಗೆ ಕೊಡಿ, ನಮ್ಮ ಕೈಗೆ ಬೇಡ. ಫಾರಂ ಬೇಡದವರು ನಮ್ಮಲ್ಲಿ ಕೊಟ್ಟರೆ ಎಲ್ಲವನ್ನೂ ಒಟ್ಟಿಗೆ ತಲುಪಿಸಿ ರಸೀದಿ ತೋರಿಸುತ್ತೇವೆ.

ಕೊಡಲು ಆಗದವರು ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಬನ್ನಿ. ಮಳೆ ಬಂದಿದ್ದರೆ ಹೊಲದ ದಾರಿ ಪೂರಾ ಕೆಸರು, ಹಳೇ ಬೂಟು ಹಾಕಿಕೊಳ್ಳಿ.