ಅಜ್ಜಿಯ ಒಂದು ಹಿಡಿ ರಾಗಿ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಹೇಗಿದ್ದೀಯ? ಹೋದ ವಾರ ನೀನು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಇವತ್ತು ಕೂತು ಓದಿದೆ. ದೇವರನ್ನು ನಂಬುವ ಮನೆಯ ಮಕ್ಕಳೇ ಜಾಸ್ತಿ ಜಿಪುಣರಂತೆ, ಈಗೇನಂತೀಯ ಅಂತ ಕೇಳಿದ್ದೆ. ವಿಭೂತಿ ಹಚ್ಚುವವನನ್ನು ಕೆಣಕದಿದ್ದರೆ ನಿನಗೆ ಉಂಡದ್ದು ಅರಗುವುದಿಲ್ಲ, ಗೊತ್ತು.

ಆದರೆ ನೀನು ಬಡಿಸಿದ್ದು ಹಳಸಿದ ಅನ್ನ ಕಣೋ. ಅದು 2015ರ ಅಧ್ಯಯನ. ಆರು ದೇಶಗಳ 1,170 ಮಕ್ಕಳನ್ನು ಹಿಡಿದು ನೋಡಿದ್ದರು. ಕೈಗೆ ಸ್ಟಿಕ್ಕರ್ ಕೊಟ್ಟು, ಬೇರೆ ಮಕ್ಕಳಿಗೆ ಎಷ್ಟು ಬಿಟ್ಟುಕೊಡುತ್ತಾರೆ ಅಂತ ಎಣಿಸಿದ್ದರು. ಎಡವಟ್ಟಾಗಿದ್ದು ಲೆಕ್ಕದಲ್ಲಿ. ಗುರುತಿಗಿರಲಿ ಅಂತ ಅಮೆರಿಕಕ್ಕೆ 1, ಕೆನಡಾಕ್ಕೆ 2 ಹೀಗೆ ನಂಬರು ಹಾಕಿದ್ದರಲ್ಲ, ಆ ನಂಬರುಗಳನ್ನೇ ಅಳತೆ ಅಂತ ಲೆಕ್ಕಕ್ಕೆ ಹಿಡಿದುಬಿಟ್ಟಿದ್ದರು. ಬಸ್ಸಿನ ರೂಟ್ ನಂಬರನ್ನು ಟಿಕೆಟ್ ದುಡ್ಡಿಗೆ ಕೂಡಿದ ಹಾಗೆ! ಸರಿಮಾಡಿ ನೋಡಿದರೆ ಹೆಚ್ಚಿನ ವ್ಯತ್ಯಾಸ ಇದ್ದದ್ದು ಮಗು ಯಾವ ದೇಶದ್ದು ಅನ್ನುವುದರಲ್ಲಿ, ಯಾವ ಧರ್ಮದ್ದು ಅನ್ನುವುದರಲ್ಲಲ್ಲ. 2019ರಲ್ಲಿ ಬರೆದವರೇ ಅದನ್ನು ವಾಪಸ್ ತಗೊಂಡರು. ವಾಟ್ಸಾಪಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಹಾಗಂತ ನಾನು ಗೆದ್ದೆ ಅಂತ ಹೇಳುತ್ತಿಲ್ಲ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಹುಡುಗರನ್ನು ಒಮ್ಮೆ ಪರೀಕ್ಷೆ ಮಾಡಿದ್ದರು. 1973ರಲ್ಲಿ ಅದು ಪ್ರಕಟವಾಯಿತು. ಪಕ್ಕದ ಕಟ್ಟಡಕ್ಕೆ ಹೋಗಿ ಮಾತಾಡಿ ಬಾ ಅಂತ ಒಬ್ಬೊಬ್ಬರನ್ನೇ ಕಳಿಸಿದರು. ಕೆಲವರಿಗೆ ಕೊಟ್ಟ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಉಪಚರಿಸಿದ ಸಮಾರ್ಯದವನ ಕತೆ. ಬೈಬಲಿನದು, ನಿನಗೂ ಗೊತ್ತಿರುತ್ತದೆ. ಹೋಗುವ ದಾರಿಯಲ್ಲೇ ಬಾಗಿಲ ಹತ್ತಿರ ಒಬ್ಬ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಅವರೇ ಕೂರಿಸಿದ್ದವನು. ಇನ್ನೂ ಹೊತ್ತಿದೆ ಅಂದುಕೊಂಡವರಲ್ಲಿ 100ಕ್ಕೆ 63 ಮಂದಿ ನೆರವಾದರು. ಆಗಲೇ ತಡವಾಯಿತು, ಓಡು ಅನ್ನಿಸಿಕೊಂಡವರಲ್ಲಿ 10 ಮಂದಿ. ಆ ಕತೆ ಹೇಳಲು ಹೊರಟವರೇ ಅವನನ್ನು ದಾಟಿಕೊಂಡು ಹೋದದ್ದೂ ಉಂಟು.

ಓದಿ ಜೋರಾಗಿ ನಕ್ಕೆ. ಆಮೇಲೆ ಶಿವರಾತ್ರಿ ದಿನ ನೆನಪಾಗಿ ನಗು ನಿಂತಿತು. ಅಭಿಷೇಕಕ್ಕೆ ತಡವಾಯಿತು ಅಂತ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ತಿರುವಿನಲ್ಲಿ ತರಕಾರಿ ಗಾಡಿಯೊಂದು ಮಗುಚಿ, ಅಜ್ಜ ಒಬ್ಬನೇ ಬಗ್ಗಿ ಬಗ್ಗಿ ಆರಿಸುತ್ತಿದ್ದ. ನಾನು ಟೊಮೆಟೊ ತುಳಿಯದ ಹಾಗೆ ಬಹಳ ಹುಷಾರಾಗಿ ಬಳಸಿಕೊಂಡು ಹೋದೆ. ಮಂಗಳಾರತಿ ಸಿಕ್ಕಿತು.

ಆದರೂ ನಮ್ಮಜ್ಜಿಯ ಮಡಕೆಯ ವಿಷಯ ನಿನಗೆ ಹೇಳಲೇಬೇಕು. ಮಿಲ್ಲಿಗೆ ಕಳಿಸಲು ರಾಗಿ ಅಳೆದಾಗಲೆಲ್ಲ ಒಂದು ಹಿಡಿ ತೆಗೆದು ಮೂಲೆಯಲ್ಲಿದ್ದ ಸಣ್ಣ ಮಡಕೆಗೆ ಹಾಕುತ್ತಿದ್ದಳು. ಅದು ಸಿದ್ಧಗಂಗೆ ಮಠದ ಪಾಲು. ಮಳೆ ಕೈಕೊಟ್ಟ ವರ್ಷ ಹಿಡಿ ಸಣ್ಣದಾಯಿತು, ನಿಲ್ಲಲಿಲ್ಲ. ಶಿವಕುಮಾರ ಸ್ವಾಮೀಜಿ ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ಸುತ್ತಿ ಕೂಡಿಸಿದ್ದು ಇಂಥ ಹಿಡಿಗಳನ್ನೇ. 2019ರ ಜನವರಿಯಲ್ಲಿ ಅವರು ಹೋದಾಗ 111 ವರ್ಷ. ಅಷ್ಟರಲ್ಲಿ ಎಷ್ಟು ಸಾವಿರ ಬಡ ಮಕ್ಕಳು, ಎಲ್ಲ ಜಾತಿಯವರು, ಅಲ್ಲಿ ಒಂದೇ ಸಾಲಿನಲ್ಲಿ ಕೂತು ಉಂಡು ಓದಿದ್ದರೋ!

ಅದೇ ಅಜ್ಜಿ, ಕೂಲಿಗೆ ಬಂದ ಹೆಂಗಸು ನೀರು ಕೇಳಿದರೆ ಚೊಂಬು ಎತ್ತಿ ಹಿಡಿದು ಬೊಗಸೆಗೆ ಮೇಲಿಂದ ಹೊಯ್ಯುತ್ತಿದ್ದಳು. ಅದೂ ಧರ್ಮವೇ ಅಂದುಕೊಂಡಿದ್ದಳು. ಈ ಮಾತು ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಮೋಸವಾಗುತ್ತದೆ.

ಅದಕ್ಕೇ ನಂಬಿಕೆಯಿಂದ ಮನಸ್ಸು ದೊಡ್ಡದಾಗುತ್ತದೆ ಅಂತ ನಾನು ವಾದ ಮಾಡಲಾರೆ. ನಂಬಿಕೆ ಮನೆಯಲ್ಲಿ ಒಂದು ಮಡಕೆ ಇಡಿಸುತ್ತದೆ, ಅಷ್ಟೇ. ಕೊಡಲೋ ಬೇಡವೋ ಅಂತ ಅಜ್ಜಿ ದಿನಾ ಯೋಚಿಸುತ್ತಿರಲಿಲ್ಲ, ಕೈ ತಾನಾಗಿ ಹೋಗುತ್ತಿತ್ತು. ಯೋಚಿಸುತ್ತಾ ಕೂತರೆ ಕೊಡದಿರಲು ನೂರು ನೆಪ ಸಿಗುತ್ತವೆ, ನನಗಂತೂ ಸಿಕ್ಕಿವೆ. ಆದರೆ ಮಡಕೆ ಇಡಲು ದೇವರೇ ಬೇಕು ಅಂತಿಲ್ಲ. ಮೂರು ತಿಂಗಳಿಗೊಮ್ಮೆ ಕ್ಯಾಲೆಂಡರಿನಲ್ಲಿ ಕೆಂಪು ಗೆರೆ ಹಾಕಿಕೊಂಡು ರಕ್ತ ಕೊಟ್ಟು ಬರುತ್ತೀಯಲ್ಲ, ಅದೂ ಮಡಕೆಯೇ ಅಲ್ವಾ?

ಮುಂದಿನ ಗೆರೆ ಯಾವತ್ತು ಅಂತ ತಿಳಿಸು, ನಾನೂ ಬರುತ್ತೇನೆ. ಸೂಜಿ ಕಂಡರೆ ನನಗೆ ತಲೆ ಸುತ್ತುತ್ತದೆ, ಪಕ್ಕದಲ್ಲೇ ಇರು. ವಿಭೂತಿ ಹಚ್ಚಿಕೊಂಡೇ ಬರುತ್ತೇನೆ, ಅಲ್ಲಿ ಸುಮ್ನೆ ತಕರಾರು ತೆಗೆಯಬೇಡ.

ಇಂತಿ,
ನಿನ್ನ ಗೆಳೆಯ